ಮಂಜಪ್ಪನ ಮನೆಯಲ್ಲಿ ಯಾರೂ ನೀರು ಕುಡಿಯಲಿಲ್ಲ

ಕೊರೊನಾ ಹಿಂದೆ ಸರಿದು, ಜನ ಮಾಸ್ಕನ್ನು ಗಾಡಿಯ ಕನ್ನಡಿಗೆ ನೇತುಹಾಕಿ ಮರೆತುಬಿಟ್ಟ ವರ್ಷ ಅದು. ೨೦೨೨ ಎಂದು ನನ್ನ ನೆನಪು. ೨೦೨೩ ಎಂದು ನನ್ನ ಹೆಂಡತಿಯ ವಾದ. ಆಗ ನಾನು ಸಾಗರದಲ್ಲಿ ಸಿವಿಲ್ ಎಂಜಿನಿಯರ್ ಆಗಿ ಸ್ವಂತ ಕಚೇರಿ ನಡೆಸುತ್ತಿದ್ದೆ. ಮನೆಯ ನಕ್ಷೆ, ಎಸ್ಟಿಮೇಟು, ಬ್ಯಾಂಕಿಗೆ ವ್ಯಾಲ್ಯುಯೇಶನ್, ಅಂದರೆ ಒಂದು ಕಟ್ಟಡ ಇವತ್ತಿನ ದಿನ ಎಷ್ಟು ಬೆಲೆ ಬಾಳುತ್ತದೆಂದು ಬರೆದುಕೊಡುವ ವರದಿ, ಇವೇ ನನ್ನ ಅನ್ನ. ಅದರ ಜೊತೆಗೆ ಹೊಸದೊಂದು ಕೆಲಸ ಹಚ್ಚಿಕೊಂಡಿದ್ದೆ. ಮಾರಾಟಕ್ಕಿಟ್ಟ ಮನೆಯನ್ನು, ನೋಡಲು ಬರುವವರ ಕಣ್ಣಿಗೆ ಹಿಡಿಸುವಂತೆ ಸಿದ್ಧಮಾಡಿಕೊಡುವುದು. ದೊಡ್ಡ ಊರುಗಳಲ್ಲಿ ಇದನ್ನು ‘ಹೋಮ್ ಸ್ಟೇಜಿಂಗ್’ ಎನ್ನುತ್ತಾರೆ. ನಾನು ಅದನ್ನು ಕಲಿತದ್ದು ಲಾಕ್‌ಡೌನಿನಲ್ಲಿ, ಆನ್‌ಲೈನ್ ತರಗತಿಯಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಈ ವಿದ್ಯೆ ಗೊತ್ತಿರುವವನು ನಾನೊಬ್ಬನೇ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವುದನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ವಾಸ್ತು, ರಾಹುಕಾಲ, ಹಲ್ಲಿ ಶಕುನ ಎಲ್ಲದಕ್ಕೂ ಪುರಾವೆ ಕೇಳುವ ಅಭ್ಯಾಸ ಕಾಲೇಜಿನಲ್ಲಿ ಹತ್ತಿತು. ಈಚೆಗೆ ಆ ಅಭ್ಯಾಸ ನನ್ನ ನೆನಪಿನ ಮೇಲೇ ತಿರುಗಿಬಿದ್ದಿದೆ. ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವನ್ನು ಆಗ ಜೊತೆಗಿದ್ದವರನ್ನು ಕೇಳಿ ತಿದ್ದಿಕೊಂಡಿದ್ದೇನೆ. ತಾಳೆಯಾಗದ ಕಡೆ ತಾಳೆಯಾಗಲಿಲ್ಲ ಎಂದೇ ಬರೆಯುತ್ತೇನೆ.

ಶ್ರಾವಣದ ಒಂದು ಬೆಳಿಗ್ಗೆ ಸುಶೀಲಮ್ಮ ನನ್ನ ಕಚೇರಿಗೆ ಬಂದರು. ಹೊಸನಗರದಲ್ಲಿ ಮನೆ, ಮನೆಯಲ್ಲೇ ಹೊಲಿಗೆ ಕೆಲಸ. ಗಂಡ ಮಂಜಪ್ಪ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಆ ದಾರಿಯಲ್ಲಿ ಓಡಾಡಿದ ಯಾರಿಗೂ ಮಂಜಪ್ಪನ ಪರಿಚಯ ಹೇಳಬೇಕಾಗಿಲ್ಲ. ಆ ವರ್ಷ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಅವತ್ತು ಅವರನ್ನು ಕುರ್ಚಿಯಲ್ಲಿ ಕೂರಿಸಿ ಮನೆಯಿಂದ ಕೆಳಗಿಳಿಸಿದ್ದು. ಮತ್ತೆ ಮೇಲೆ ಹತ್ತಿಸಿರಲಿಲ್ಲ. ಆ ಮನೆ ರಸ್ತೆಯ ಮೇಲಿನ ದಿಬ್ಬದಲ್ಲಿತ್ತು. ಜಂಬಿಟ್ಟಿಗೆ ಎಂಬ ಕೆಂಪು ಮುರಕಲ್ಲಿನ ಕಡಿದಾದ ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ.

ಗಂಡ ಹೆಂಡತಿ ಈಗ ತೀರ್ಥಹಳ್ಳಿಯಲ್ಲಿ ಸುಶೀಲಮ್ಮನ ತಮ್ಮನ ಮನೆಯಲ್ಲಿದ್ದರು. ಅಲ್ಲಿ ಮಂಜಪ್ಪನಿಗೆ ಫಿಸಿಯೋಥೆರಪಿ ನಡೆಯುತ್ತಿತ್ತು. ಕೋಲು ಹಿಡಿದು ಕೋಣೆಯಿಂದ ಬಾಗಿಲವರೆಗೆ ಬರುವಷ್ಟಾಗಿತ್ತು. ಅದೇ ಬೀದಿಯಲ್ಲಿ, ರಸ್ತೆಗೆ ಸಮನಾಗಿ, ಹೊಸಿಲೂ ಎತ್ತರವಿಲ್ಲದ ಚಿಕ್ಕ ಮನೆಯೊಂದು ಮಾರಾಟಕ್ಕಿತ್ತು. ಅದರ ಯಜಮಾನರು ದೀಪಾವಳಿವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು.

“ಆ ಮನೆ ಸಿಕ್ಕಿದ್ರೆ ಅವ್ರು ಒಬ್ರೇ ಹೊರಗೆ ಬರ್ಬೋದು ಸಾರ್,” ಎಂದರು ಸುಶೀಲಮ್ಮ. “ಯಾರ್ನೂ ಕರೀದೆ. ಅಷ್ಟೇ ನಂಗೆ ಬೇಕಾಗಿದ್ದು. ಇದು ಮಾರದೆ ಅದು ತಗೊಳಕ್ಕಾಗಲ್ಲ.”

ನಾನು ಆಗುತ್ತದೆ ಎಂದೆ. ಎಷ್ಟು ಧೈರ್ಯವಾಗಿ ಹೇಳಿದೆನೆಂದು ನೆನೆದರೆ ಈಗಲೂ ಬೆವರುತ್ತೇನೆ.

ಮನೆಯ ಕಟ್ಟಡ ಗಟ್ಟಿಯಾಗಿತ್ತು. ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು, ಹಿಂಭಾಗದಲ್ಲಿ ಆಮೇಲೆ ಸೇರಿಸಿದ ಆರ್‌ಸಿಸಿ ತಾರಸಿಯ ಅಡುಗೆಮನೆ. ತೊಂದರೆಯೆಂದರೆ ನಡುಮನೆಯ ದಕ್ಷಿಣದ ಮೂಲೆಯಲ್ಲಿ ಸೀಪೇಜ್: ದಿಬ್ಬದ ಮಣ್ಣು ಕುಡಿದ ನೀರು ಗೋಡೆಯೊಳಗೆ ಒಸರಿ ಬಂದು ಹಸಿ ಕಲೆ ಬಿಡುವುದು. ಹೊರಗೆ ಚರಂಡಿ ತೋಡಿಸಿ ನೀರು ತಿರುಗಿಸಿದೆ. ಒಸರುವುದು ನಿಂತಿತು, ಕಲೆ ನಿಂತೇ ಇತ್ತು. ಮೆಟ್ಟಿಲ ಪಾಚಿ ಕೆರೆಸಿದೆ. ನೀಲಿ ಹಸಿರು ಬಣ್ಣಗಳಿದ್ದ ಗೋಡೆಗಳಿಗೆಲ್ಲ ಅಪ್ಪಟ ಬಿಳಿ ಹೊಡೆಸಿದೆ. ಬಿಳಿ ಬಣ್ಣದಿಂದ ಕೋಣೆ ದೊಡ್ಡದಾಗಿ ಕಾಣುತ್ತದೆ.

ಮುಂದಿನದು ನನ್ನ ತರಗತಿಯ ಮುಖ್ಯ ಪಾಠ. ಮನೆ ನೋಡಲು ಬಂದವರು ಅಲ್ಲಿ ತಮ್ಮ ಸಂಸಾರವನ್ನು ಕಲ್ಪಿಸಿಕೊಳ್ಳಬೇಕು. ಹಾಗಾಗಿ ಹಳೆಯ ಸಂಸಾರದ ಗುರುತು ಯಾವುದೂ ಇರಬಾರದು. ಗೋಡೆಯ ಮೇಲಿದ್ದ ಮದುವೆಯ ಫೋಟೋ, ಕ್ಯಾಲೆಂಡರು, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದ್ದ ಮಂಜಪ್ಪನ ಖಾಕಿ ಅಂಗಿ, ಹೊಲಿಗೆ ಮೆಶಿನ್ನು ಎಲ್ಲ ಮೂಟೆಯಾದವು.

“ದೇವ್ರ ಫೋಟೋನೂ ತೆಗೀಬೇಕಾ ಸಾರ್?” ಎಂದು ಸುಶೀಲಮ್ಮ ಕೇಳಿದರು.

“ಬರೋರಿಗೆ ಅವರವರ ದೇವರು ಇರ್ತಾರಲ್ಲ,” ಎಂದೆ.

ಅವರು ದೇವರ ಪಟಗಳನ್ನು ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದರು. ಅಂಗಳದ ತುಳಸಿ ಕುಂಡ ಸೀಳಿತ್ತು. ಅದನ್ನು ಹಿತ್ತಿಲಿಗೆ ಸಾಗಿಸಿದೆ. ಕೊನೆಯದಾಗಿ ಆ ಹಸಿ ಕಲೆಯ ಮೂಲೆಯಲ್ಲಿ, ನೆಲದ ಮೇಲೆ, ಮಂದವಾದ ಹಳದಿ ಬಲ್ಬಿನ ದೀಪವೊಂದನ್ನು ಇಟ್ಟೆ. ಕಣ್ಣು ಬೆಳಕಿಗೆ ಹೋದರೆ ಕಲೆಗೆ ಹೋಗುವುದಿಲ್ಲ. ಇದೂ ಪಾಠದಲ್ಲಿದ್ದದ್ದೇ. ಮನೆ ತೋರಿಸುವಾಗ ಯಜಮಾನರು ಅಲ್ಲಿರಬಾರದು ಎಂಬುದೂ ಪಾಠ. ಹೇಗೂ ಸುಶೀಲಮ್ಮನಿಗೆ ಗಂಡನನ್ನು ಬಿಟ್ಟು ಪದೇಪದೇ ಬರಲಾಗುತ್ತಿರಲಿಲ್ಲ. ಕೀಲಿ ನನ್ನಲ್ಲೇ ಇತ್ತು.

ಜನ ಬರತೊಡಗಿದರು. ಪಕ್ಕದ ಮನೆಯ ಗೌರಕ್ಕನಿಗೆ ಹೇಳಿಟ್ಟಿದ್ದೆ: ಯಾರಾದರೂ ಹತ್ತಿ ಬಂದರೆ ಬೆಲ್ಲ ನೀರು ತಂದುಕೊಡಿ ಎಂದು. ಅಷ್ಟು ಮೆಟ್ಟಿಲು ಹತ್ತಿ ಬಂದವರಿಗೆ ಬಾಯಾರದೆ ಇರುತ್ತದೆಯೇ? ಮೊದಲು ಬಂದ ಸಾಗರದ ದಂಪತಿ ಅಂಗಳದಲ್ಲಿ ನಗುತ್ತ ನಿಂತಿದ್ದವರು ನಡುಮನೆಗೆ ಬಂದು ಮೂಲೆಯ ದೀಪ ನೋಡಿದರು. ಹೆಂಡತಿ ಗಂಡನ ತೋಳು ಹಿಡಿದರು. ಕಾಗದಪತ್ರ ಕೇಳಿದಾಗ ಖಾತೆ ಸುಶೀಲಮ್ಮನ ಹೆಸರಿನಲ್ಲಿದೆ ಎಂದೆ. ಗಂಡ ತಲೆಯಾಡಿಸಿ, “ಓಹೋ, ಹೆಂಡ್ತಿ ಹೆಸ್ರಿಗೆ ಆಗಿದೆ,” ಎಂದರು. ಗೌರಕ್ಕ ಲೋಟ ಚಾಚಿದರೆ ಇಬ್ಬರೂ, “ಈಗಷ್ಟೇ ಕುಡ್ದು ಬಂದ್ವಿ,” ಎಂದು ಇಳಿದು ಹೋದರು. ಮರಳಿ ಫೋನೇ ಬರಲಿಲ್ಲ.

ಆಮೇಲೆ ಬಂದವರದೂ ಇದೇ ಕಥೆ. ಅಂಗಳದಲ್ಲಿ ಉತ್ಸಾಹ, ನಡುಮನೆಯಲ್ಲಿ ಪಿಸುಮಾತು, ಮುಟ್ಟದ ನೀರಿನ ಲೋಟ. ಒಬ್ಬರು ಒಳಗೇ ಬರಲಿಲ್ಲ. ಬಾಗಿಲಲ್ಲಿ ನಿಂತು ಕುತ್ತಿಗೆ ಚಾಚಿ ನೋಡಿ ಚಪ್ಪಲಿ ಮೆಟ್ಟಿದರು.

ನನಗೆ ನಿದ್ದೆ ಹಾರಿತು. ಮೆಟ್ಟಿಲು ಕಾರಣವೇ? ಮೆಟ್ಟಿಲನ್ನು ಅವರು ಕೆಳಗಿನಿಂದಲೇ ನೋಡಿದ್ದರಲ್ಲ. ಬೆಲೆಯೇ? ಯಾರೂ ಬೆಲೆ ಕೇಳುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಹಸಿ ಕಲೆ ಕಣ್ಣಿಗೆ ಬೀಳುತ್ತಿದೆಯೇ ಎಂದು ದೀಪವನ್ನು ಇನ್ನಷ್ಟು ಮೂಲೆಗೆ ಸರಿಸಿದೆ. ಬಣ್ಣದ ವಾಸನೆಯಿರಬಹುದೆಂದು ಅಗರಬತ್ತಿ ಹಚ್ಚಿದೆ. ಬೈಕಿನಲ್ಲಿ ಸಾಗರಕ್ಕೆ ಮರಳುವಾಗ ಕೀಲಿ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿ ಅರ್ಧ ದಾರಿಯಿಂದ ತಿರುಗಿ ಹೋದದ್ದೂ ಉಂಟು. ಅಷ್ಟರಲ್ಲಿ ಪಕ್ಷಮಾಸ ಬಂತು. ಪಿತೃಗಳ ಆ ದಿನಗಳಲ್ಲಿ ನಮ್ಮ ಕಡೆ ಯಾರೂ ಮನೆ ನೋಡಲು ಹೊರಡುವುದಿಲ್ಲ. ತೀರ್ಥಹಳ್ಳಿಯ ಮನೆಯ ಯಜಮಾನರು ಸುಶೀಲಮ್ಮನನ್ನು ದಾರಿಯಲ್ಲಿ ನಿಲ್ಲಿಸಿ, “ಇನ್ನೊಬ್ರು ಕೇಳ್ತಿದಾರೆ ಮಾರಾಯ್ರೆ, ಏನು ಹೇಳ್ಲಿ?” ಎಂದರಂತೆ. ಆಕೆ ನನಗೆ ಫೋನು ಮಾಡಿ ಅಷ್ಟನ್ನೇ ಹೇಳಿ ಫೋನಿಟ್ಟರು. ಬೈದಿದ್ದರೆ ವಾಸಿಯಿತ್ತು.

ನವರಾತ್ರಿ ಶುರುವಾದ ಮೇಲೆ ಹುಂಚದ ಕಡೆಯ ಲೋಕೇಶ್ ಮೇಷ್ಟ್ರು ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಬಂದರು. ಹೊಸನಗರದ ಶಾಲೆಗೆ ವರ್ಗವಾಗಿತ್ತು. ದಿಬ್ಬದ ಮೇಲೆ ಗಾಳಿ ಚೆನ್ನಾಗಿದೆ ಎಂದು ಅಂಗಳದಲ್ಲೇ ಖುಷಿಪಟ್ಟರು. ಇವರು ತೆಗೆದುಕೊಳ್ಳುತ್ತಾರೆ ಎಂದು ನನ್ನ ಮನಸ್ಸು ಹೇಳಿತು. ಮೇಷ್ಟ್ರ ತಾಯಿ ನಡುಮನೆಗೆ ಕಾಲಿಟ್ಟು ದೀಪ ನೋಡಿದರು, ಬೋಳು ಗೋಡೆ ನೋಡಿದರು, ಹೊರಗೆ ಬಂದು ಅಂಗಳ ನೋಡಿದರು. “ತುಳಸಿನೂ ಇಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಗೌರಕ್ಕ ನೀರು ತರುವಷ್ಟರಲ್ಲಿ ಅವರು ಮೆಟ್ಟಿಲಿಳಿಯುತ್ತಿದ್ದರು.

ನಾನು ಜಗಲಿಯ ಮೇಲೆ ಕುಸಿದು ಕೂತೆ. ಗೌರಕ್ಕ ಲೋಟದ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿ ನನ್ನನ್ನು ನೋಡಿದರು.

“ಅಲ್ಲ ಎಂಜಿನಿಯರ್ರೆ, ಆ ದೀಪ ಎಂತಕ್ಕೆ ಇಟ್ಟಿದ್ದು ನೀವು?”

“ಚಂದಕ್ಕೆ.”

“ಚಂದಕ್ಕಾ?” ಅವರು ಹಣೆ ಬಡಿದುಕೊಂಡರು. “ಜೀವ ಹೋದ ಜಾಗದಲ್ಲಿ ಇಡ್ತಾರಲ್ಲ ಮಾರಾಯ್ರೆ ಹಂಗೆ, ನೆಲದ ಮೇಲೆ, ಮೂಲೇಲಿ! ಮಂಜಪ್ಪಣ್ಣ ಹೋಗಿಬಿಟ್ಟಿದಾರೆ ಅಂತ ಸಾಗರದಿಂದ ತೀರ್ಥಳ್ಳಿವರೆಗೂ ಎಲ್ಲಾ ಸ್ಟಾಪಲ್ಲೂ ಸುದ್ದಿ ಇಳ್ದಿದೆ. ಅದೂ ಕೆಟ್ಟ ನಕ್ಷತ್ರದಲ್ಲಿ ಹೋಗಿದ್ದಂತೆ. ಅದಕ್ಕೇ ಮನೆ ಬಿಟ್ಟಿದಾರಂತೆ.”

ಹೊರಗಿನ ಓದುಗರಿಗಾಗಿ ಇಲ್ಲಿ ಸ್ವಲ್ಪ ವಿವರಿಸಬೇಕು. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಆ ಮನೆಯನ್ನು ಕೆಲವು ತಿಂಗಳು ಬೀಗ ಹಾಕಿ ಬಿಡಬೇಕು ಎಂಬ ನಂಬಿಕೆ ನಮ್ಮಲ್ಲಿದೆ. ಅವಧಿ ಮುಗಿದ ಮೇಲೆ ತೊಳೆದು, ಸುಣ್ಣ ಬಣ್ಣ ಮಾಡಿ, ಶಾಂತಿ ಮಾಡಿಸಿ ಒಳಗೆ ಹೋಗುವುದು. ಅಂಥ ಮನೆಯಲ್ಲಿ ಅದಕ್ಕೆ ಮುಂಚೆ ಯಾರೂ ಹನಿ ನೀರು ಮುಟ್ಟುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಅಜ್ಜಿಯ ಮನೆಯನ್ನೇ ಹಾಗೆ ಬಿಟ್ಟಿದ್ದರು. ಮೂಢನಂಬಿಕೆಯೆಂದು ತಲೆಯಿಂದ ಗುಡಿಸಿ ಹಾಕಿದ್ದೆ ಅಷ್ಟೆ. ಬಸ್ ಸ್ಟ್ಯಾಂಡಿನಲ್ಲಿ ಮಂಜಪ್ಪ ಕಾಣದಾಗಿದ್ದರು. ಮನೆಗೆ ಬೀಗ ಬಿದ್ದಿತ್ತು. ಉಳಿದ ಪುರಾವೆಯನ್ನೆಲ್ಲ, ಬಿಳಿ ಗೋಡೆಯಿಂದ ಅಗರಬತ್ತಿಯವರೆಗೆ, ನಾನೇ ಒದಗಿಸಿದ್ದೆ.

“ಯಾರೂ ನನ್ನ ಕೇಳ್ಲೇ ಇಲ್ಲವಲ್ಲ ಗೌರಕ್ಕ?”

“ಅಂಥದ್ದನ್ನೆಲ್ಲ ಬಾಯ್ಬಿಟ್ಟು ಕೇಳ್ತಾರಾ? ನಾನು ಕಂಡೋರಿಗೆಲ್ಲ ಹೇಳ್ದೆ, ಬದ್ಕಿದಾರೆ ಅಂತ. ಮನೆ ಮಾರಕ್ಕೆ ಸುಳ್ಳು ಹೇಳ್ತೀನಿ ಅಂದ್ಕೊಂಡ್ರು.”

ಮರುದಿನವೇ ತೀರ್ಥಹಳ್ಳಿಗೆ ಹೋದೆ. ಗಂಡ ಬದುಕಿರುವಾಗಲೇ ಊರೆಲ್ಲ ಹೀಗೆ ಅಂದುಕೊಂಡಿದೆ ಎಂದು ಒಬ್ಬ ಹೆಂಗಸಿಗೆ ಹೇಗೆ ಹೇಳುವುದು? ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತ ಹೋದೆ. ಅಲ್ಲಿ ಹೋಗಿ ಏನು ಹೇಳಿದೆನೋ ನೆನಪಿಲ್ಲ. ಸುಶೀಲಮ್ಮ ಸೆರಗನ್ನು ಬಾಯಿಗೊತ್ತಿ ಗೋಡೆಯ ಕಡೆ ತಿರುಗಿದ್ದು ನೆನಪಿದೆ. ಮಂಜಪ್ಪ ಮಂಚದ ಮೇಲೆ ಕೂತು ಎಡಗೈಯಲ್ಲಿ ರಬ್ಬರ್ ಚೆಂಡು ಹಿಸುಕುತ್ತಿದ್ದರು. (ಬಲಗೈಯಲ್ಲಿ ಎನ್ನುತ್ತಾರೆ ಸುಶೀಲಮ್ಮ. ವ್ಯಾಯಾಮ ಬೇಕಾಗಿದ್ದದ್ದು ಬಲಗೈಗಲ್ಲವೇ? ಅವರೇ ಸರಿಯಿರಬೇಕು.) ಅವರ ಮಾತು ನಿಧಾನವಾಗಿತ್ತು, ಆದರೆ ಸ್ಪಷ್ಟವಿತ್ತು.

“ಹಂಗಾರೆ ನನ್ನ ತಿಥಿ ಊಟ ಯಾರ್ಯಾರು ಉಂಡ್ರಂತೆ?”

“ನಗ್ಬೇಡಿ ನೀವು!” ಎಂದು ಸುಶೀಲಮ್ಮ ತಿರುಗಿಬಿದ್ದರು. ಆಮೇಲೆ ನನ್ನತ್ತ ನೋಡಿ ಹೇಳಿದರು: “ಇವ್ರನ್ನ ಅಲ್ಲಿಗೆ ಕರ್ಕಂಡು ಹೋಗೋದು. ಆ ಮೇಷ್ಟ್ರನ್ನ ಮತ್ತೆ ಕರೀರಿ. ಕಣ್ಣಾರೆ ನೋಡ್ಲಿ.”

ನಾನು ಬೇಡವೆಂದೆ. ಮಳೆ ಪೂರ್ತಿ ಹೋಗಿರಲಿಲ್ಲ. ಜಂಬಿಟ್ಟಿಗೆ ನೀರು ಕುಡಿದರೆ ಸೋಪಿನಂತೆ ಜಾರುತ್ತದೆ. ಒಬ್ಬರ ಕಾಲು ಜಾರಿದರೂ ಮನುಷ್ಯ ಕೆಳಗೆ. ಸುದ್ದಿ ಸುಳ್ಳೆಂದು ತೋರಿಸಲು ಹೋಗಿ ನಿಜ ಮಾಡಿಬಿಟ್ಟರೆ? ಈ ಮಾತನ್ನು ಗಟ್ಟಿಯಾಗಿ ಹೇಳಲಿಲ್ಲ. ಫೋಟೋ ತೆಗೆದು ಕಳಿಸೋಣ, ವಿಡಿಯೋ ಕಾಲ್ ಮಾಡೋಣ ಎಂದೆ. ಸುಶೀಲಮ್ಮ ಕೇಳಲಿಲ್ಲ. ಮಂಜಪ್ಪನನ್ನು ನೋಡುತ್ತಿದ್ದ ಡಾಕ್ಟರನ್ನು ಕೇಳಿದರೆ, ಕೂರಿಸಿಕೊಂಡೇ ಹೋದರೆ ಅಡ್ಡಿಯಿಲ್ಲ, ಅವರ ಕೈಯಲ್ಲಿ ಮೆಟ್ಟಿಲು ಹತ್ತಿಸಬೇಡಿ ಎಂದರು. ಮೇಷ್ಟ್ರಿಗೆ ಫೋನು ಮಾಡಿ, ಯಜಮಾನರೇ ಮನೆಯಲ್ಲಿರುತ್ತಾರೆ, ಒಮ್ಮೆ ಬಂದು ಮಾತಾಡಿ ಎಂದೆ. “ಯಜಮಾನರಾ?” ಎಂದರು. ಬರುತ್ತೇನೆ ಎಂದರು.

ಗೊತ್ತುಮಾಡಿದ ದಿನ ಬೆಳಿಗ್ಗೆ ತುಂತುರು ಬಿದ್ದು ನಿಂತಿತ್ತು. ಮಂಜಪ್ಪನ ಜೊತೆ ವರ್ಷಗಟ್ಟಲೆ ಕಂಡಕ್ಟರ್ ಆಗಿದ್ದ ರಫೀಕ್ ಬಂದಿದ್ದರು. ಬೇಸಿಗೆಯಲ್ಲಿ ಕೆಳಗಿಳಿಸಿದ್ದ ಅದೇ ಮರದ ಕುರ್ಚಿಗೆ ಬಿದಿರು ಕಟ್ಟಿ ನಾಲ್ವರು ಹೆಗಲು ಕೊಟ್ಟರು. ನಾನೂ ಒಂದು ಕಡೆ ಹಿಡಿದಿದ್ದೆ ಎಂದು ನನಗೆ ಖಾತ್ರಿಯಿತ್ತು. ಇಲ್ಲ, ನೀವು ಕೆಳಗೆ ನಿಂತು ಕೈ ಹೊಸಕುತ್ತಿದ್ದಿರಿ ಎನ್ನುತ್ತಾರೆ ಗೌರಕ್ಕ. ಯಾವುದು ನಿಜವೋ, ಹೆಗಲ ನೋವಂತೂ ನೆನಪಿಲ್ಲ. ಮೆಟ್ಟಿಲ ಅಂಚು ಹಿಡಿದು ನಡುಗುತ್ತಿದ್ದ ಒಂದೊಂದು ಪಾದವೂ ನೆನಪಿದೆ.

ರಫೀಕ್ ಮುಂದೆ ನಿಂತು ಹಿಂದುಹಿಂದಕ್ಕೆ ಹತ್ತುತ್ತ, “ರೈಟ್, ರೈಟ್,” ಎನ್ನುತ್ತಿದ್ದರು. ತಿರುವಿನಲ್ಲಿ ಒಬ್ಬನ ಕಾಲು ಜರ್ರೆಂದಿತು. ಕುರ್ಚಿ ಒಂದು ಕಡೆಗೆ ವಾಲಿತು. “ಹೋಲ್ಡಾನ್!” ಎಂದು ರಫೀಕ್ ಚೀರಿದರು. ಎಲ್ಲರೂ ಕಲ್ಲಾದರು. ಸುಶೀಲಮ್ಮ ಕೆಳಗಿನಿಂದ ಕುರ್ಚಿಯ ಕಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದರು.

“ಎಂಥದೋ ರಫೀಕ,” ಎಂದರು ಮಂಜಪ್ಪ ಮೇಲಿನಿಂದ, “ಘಾಟಿ ರಸ್ತೇಲಿ ನಾನು ಒಂದಿನಾದ್ರೂ ಹಿಂಗೆ ಬ್ರೇಕ್ ಹಾಕಿದ್ನಾ?”

ಯಾರೋ ನಕ್ಕರು. ಕುರ್ಚಿ ನೆಟ್ಟಗಾಯಿತು. ಮೇಲೆ ಮುಟ್ಟಿದರು.

ಒಳಗೆ ಬಂದ ಮಂಜಪ್ಪ ಬಿಳಿ ಗೋಡೆಗಳನ್ನು ಸುತ್ತಲೂ ನೋಡಿದರು. “ಇದು ಯಾರ ಮನೆ ಸಾರ್?” ಎಂದು ನನ್ನನ್ನು ಕೇಳಿದರು. ತಮಾಷೆಯ ದನಿ ಅದಾಗಿರಲಿಲ್ಲ. ಸುಶೀಲಮ್ಮ ಆಗಲೇ ಆ ಹಳದಿ ದೀಪದ ವೈರು ಕಿತ್ತಾಗಿತ್ತು. ಸೀರೆಯ ಗಂಟು ಬಿಚ್ಚಿ ದೇವರನ್ನು ಹಳೆಯ ಜಾಗದಲ್ಲಿಟ್ಟು ಹಣತೆ ಹಚ್ಚಿದರು. ಗೌರಕ್ಕ ಹಿತ್ತಿಲಿನಿಂದ ತುಳಸಿ ಕುಂಡವನ್ನು ಉರುಳಿಸಿಕೊಂಡು ಬಂದು ಸೀಳನ್ನು ಹಗ್ಗದಿಂದ ಬಿಗಿದರು. ಖಾಕಿ ಅಂಗಿ ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಮಂಜಪ್ಪನನ್ನು ಕುರ್ಚಿಸಮೇತ ಜಗಲಿಗೆ ತಂದು ಕೂರಿಸಿದರು. ಒಲೆಯ ಮೇಲೆ ಕಾಫಿಗೆ ನೀರು ಕುದಿಯತೊಡಗಿತು. ಮೂಲೆಯ ಹಸಿ ಕಲೆ ಹಾಡುಹಗಲಲ್ಲಿ ಎಲ್ಲರಿಗೂ ಕಾಣುವಂತೆ ಕೂತಿತ್ತು. ಅದನ್ನು ಮುಚ್ಚಲು ಏನಾದರೂ ಇದೆಯೇ ಎಂದು ನಾನು ಹುಡುಕುತ್ತಿರುವಾಗಲೇ ಕೆಳಗೆ ಮೇಷ್ಟ್ರ ಕಾರು ನಿಂತಿತು.

ಮೇಷ್ಟ್ರ ತಾಯಿ ಕೊನೆಯ ಮೆಟ್ಟಿಲಲ್ಲಿ ತಲೆಯೆತ್ತಿ ಜಗಲಿಯ ಕಡೆ ನೋಡಿದವರು ಅಲ್ಲೇ ನಿಂತುಬಿಟ್ಟರು.

“ಯಾರದು? ಮಂಜಪ್ಪ ಡ್ರೈವರ್ರಾ?”

“ಹೌದಮ್ಮ. ಹತ್ತಿ ಬನ್ನಿ, ಸೀಟಿದೆ.”

“ಅಲ್ಲ, ನೀವು...”

“ಹೋಗಿದ್ದೆ ಅಮ್ಮ, ತೀರ್ಥಳ್ಳಿಗೆ. ಅದರಿಂದಾಚೆಗೆ ನಮ್ಮ ಬಸ್ಸಿಗೆ ಪರ್ಮಿಟ್ ಇಲ್ಲ.”

ಆಕೆಯ ಮುಖದಲ್ಲಿ ಮೊದಲು ನಾಚಿಕೆ, ಆಮೇಲೆ ನಗು ಬಂತು. ಆದರೂ ಜಗಲಿಯ ತುದಿಯಲ್ಲೇ ಕೂತರು. ಮೇಷ್ಟ್ರು ನನ್ನೊಡನೆ ಮನೆಯೆಲ್ಲ ಸುತ್ತಿ ಬಂದರು. ಮಂಜಪ್ಪ ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದರು: ಮೊದಲ ಮಳೆಗೆ ಬಾವಿ ನೀರು ಕೆಂಪಾಗ್ತದೆ, ತಿಳಿಯಾಗೋವರೆಗೆ ಗೌರಕ್ಕನ ಬಾವಿಯಿಂದ ತನ್ನಿ. ಆ ಮೂಲೆ ಒಸರ್ತಿತ್ತು, ಎಂಜಿನಿಯರ್ರು ಚರಂಡಿ ಮಾಡ್ಸಿದಾರೆ, ಮುಂದಿನ ಮಳೆಗೆ ನೋಡ್ಬೇಕು. ನಾನು ಎರಡು ತಿಂಗಳಿಂದ ಮರೆಮಾಡಿದ್ದು ಒಂದೊಂದಾಗಿ ಹೊರಗೆ ಬರುತ್ತಿತ್ತು. ದೀಪಾವಳಿ ಹತ್ತಿರದಲ್ಲಿತ್ತು. ಸುಮ್ಮನಿರಿ ಎಂದು ಕೈಸನ್ನೆ ಮಾಡಿದೆ; ಅವರು ನೋಡಲಿಲ್ಲ, ಅಥವಾ ನೋಡಿಯೂ ನೋಡದಂತಿದ್ದರು.

ಆಗ ಮೇಷ್ಟ್ರ ತಾಯಿ ಕೇಳಿದರು: “ನಿಜ ಹೇಳಿ ಡ್ರೈವರ್ರೆ. ಮನೆ ಆಗಿಬಂತಾ ನಿಮ್ಗೆ?”

ನಮ್ಮ ಕಡೆ ಮನೆಯ ಬಗ್ಗೆ ಇದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲ. ಆ ಮನೆಯಲ್ಲಿ ಬದುಕು ಕೂಡಿಬಂತೋ, ಕೆಟ್ಟಿತೋ? ನಾನು ಬರೆದ ಯಾವ ವ್ಯಾಲ್ಯುಯೇಶನ್ ವರದಿಯಲ್ಲೂ ಇದಕ್ಕೊಂದು ಕಾಲಂ ಇರಲಿಲ್ಲ. ಮಂಜಪ್ಪ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಒಳಗೆ ಲೋಟದ ಸದ್ದು ನಿಂತಿತು. ಸುಶೀಲಮ್ಮನೂ ಕಾಯುತ್ತಿದ್ದರು.

“ಮಗಳ ಮದ್ವೆ ಇದೇ ಅಂಗಳದಲ್ಲಿ ಮಾಡ್ದೆ. ಇವ್ಳ ಹೊಲಿಗೆ ಇಲ್ಲೇ ಕೈ ಹತ್ತಿದ್ದು. ಲಕ್ವ ಹೊಡ್ದಿದ್ದೂ ಇಲ್ಲೇ ಅಮ್ಮ, ಅಕಾ, ಆ ಬಾಗ್ಲಲ್ಲಿ. ಆದ್ರೆ ಇವ್ಳು ಒಂದ್ಸಲ ಕೂಗಿದ್ದಕ್ಕೆ ಸುತ್ತಿನ ಅಷ್ಟೂ ಮನೆಯೋರು ಹತ್ತಿ ಬಂದ್ರು. ಈ ಕುರ್ಚೀಲೇ ಇಳ್ಸಿದ್ದು. ಬದುಕ್ಕೊಂಡಿದ್ದೂ ಇಲ್ಲಿಂದ್ಲೇ. ಈಗ ಈ ಮೆಟ್ಲು ನನ್ನ ಕಾಲಿಗಾಗಲ್ಲ, ಅದಕ್ಕೆ ಬಿಡೋದು. ಇಲ್ದಿದ್ರೆ ಬಿಡ್ತಿರ್ಲಿಲ್ಲ.”

ಮೇಷ್ಟ್ರ ತಾಯಿ ಸ್ವಲ್ಪ ಹೊತ್ತು ತುಳಸಿ ಕುಂಡಕ್ಕೆ ಕಟ್ಟಿದ ಹಗ್ಗವನ್ನು ನೋಡುತ್ತ ಕೂತಿದ್ದರು. ಆಮೇಲೆ ಒಳಗಿನ ಕಡೆ ತಿರುಗಿದರು.

“ತಂಗೀ, ಬಾಯಾರ್ತು. ಒಂದು ಲೋಟ ನೀರು ಕೊಡ್ತೀಯಾ?”

ಸುಶೀಲಮ್ಮ ಬೆಲ್ಲ, ನೀರು ತಂದರು. ಆಕೆ ಬೆಲ್ಲದ ಚೂರು ಬಾಯಿಗೆ ಹಾಕಿ ಲೋಟ ಎತ್ತಿ ಗಟಗಟ ಕುಡಿದರು. ಈ ಕಥೆಯಲ್ಲಿ ನನಗೆ ಅನುಮಾನವೇ ಇಲ್ಲದ ಒಂದು ನೆನಪಿದ್ದರೆ ಅದು ಆ ಸದ್ದು.

ದೀಪಾವಳಿಗೆ ಮುಂಚೆಯೇ ಕರಾರಾಯಿತು. ತೀರ್ಥಹಳ್ಳಿಯ ಮನೆ ಕೈತಪ್ಪಲಿಲ್ಲ. ಮಂಜಪ್ಪನನ್ನು ಕೆಳಗಿಳಿಸುವಾಗಲೂ ರಫೀಕೇ ಮುಂದೆ. ಮೇಷ್ಟ್ರೂ ಒಂದು ಹೆಗಲು ಕೊಟ್ಟರು.

ಆ ಕೆಲಸವನ್ನು ನಾನು ಬಿಡಲಿಲ್ಲ. ಮಾಡುವ ರೀತಿ ಬದಲಾಯಿತು. ಈಗಲೂ ಪಾಚಿ ಕೆರೆಸುತ್ತೇನೆ, ಸೋರುವುದನ್ನು ನಿಲ್ಲಿಸುತ್ತೇನೆ, ಬಣ್ಣ ಹೊಡೆಸುತ್ತೇನೆ. ಮೊಳೆಯ ಮೇಲಿನ ಅಂಗಿಯನ್ನು ಮುಟ್ಟುವುದಿಲ್ಲ. ಮನೆ ತೋರಿಸುವ ದಿನ ಯಜಮಾನರು ಅಲ್ಲೇ ಇರಬೇಕು, ಒಲೆಯ ಮೇಲೆ ಏನಾದರೂ ಇರಬೇಕು ಎಂದು ಹೇಳುತ್ತೇನೆ. ಮನೆ ಕೊಳ್ಳಲು ಬರುವವರು ಗೋಡೆ, ಮಾಡು ಎಲ್ಲ ನೋಡುತ್ತಾರೆ ನಿಜ. ಅದಕ್ಕಿಂತ ಹೆಚ್ಚಾಗಿ, ಇಲ್ಲಿದ್ದವರು ಇಲ್ಲಿಂದ ಹೇಗೆ ಹೊರಟರು ಎಂಬುದನ್ನು ತಿಳಿಯಲು ಬಯಸುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ. ನಾವೇ ಹೇಳದಿದ್ದರೆ ಖಾಲಿ ಮನೆ ತನಗೆ ತೋಚಿದ್ದನ್ನು ಹೇಳಿಬಿಡುತ್ತದೆ. ನಕ್ಷತ್ರದ ವಿಷಯದಲ್ಲಿ ನನಗೆ ಇವತ್ತಿಗೂ ನಂಬಿಕೆಯಿಲ್ಲ. ಆದರೆ ನಾನು ನಂಬದ್ದನ್ನು ಬೇರೆಯವರು ನಂಬುತ್ತಾರೆ ಎನ್ನುವುದೂ, ಅಳತೆಗೆ ತಪ್ಪದೆ ಸೇರಿಸಿಕೊಳ್ಳಬೇಕಾದ ಒಂದು ವಾಸ್ತವ.

ಕಳೆದ ಬಾರಿ ತೀರ್ಥಹಳ್ಳಿಗೆ ಹೋದಾಗ ಆ ಬೀದಿಗೆ ತಿರುಗಿದೆ. ಮಂಜಪ್ಪ ಕೋಲೂರಿಕೊಂಡು ಮನೆಯಿಂದ ಹೊರಗೆ ಬಂದು ರಸ್ತೆಯಂಚಿನಲ್ಲಿ ನಿಂತಿದ್ದರು, ಒಬ್ಬರೇ. ಹಾದುಹೋದ ಬಸ್ಸೊಂದು ಅವರನ್ನು ಕಂಡು ಹಾರ್ನ್ ಹೊಡೆಯಿತು. ನನ್ನನ್ನು ನೋಡಿ ಕೋಲೆತ್ತಿ ಮನೆಯ ಗೋಡೆ ತೋರಿಸಿದರು.

“ಬಣ್ಣ ಹೋಗಿದೆ ಸಾರ್. ಈಗ ಬೇಡ. ನಾನು ನಿಜವಾಗ್ಲೂ ಹೋದ್ಮೇಲೆ ನಿಮ್ಮನ್ನೇ ಕರೀತಾರೆ. ಆವಾಗ ಬೇಕಾದ್ರೆ ಬಿಳೀದೇ ಹೊಡೀರಿ.”